ಫಾದರ್ ಕ್ಷಮಿಸಿದರೂ ಚಿಕ್ಕಪ್ಪನಿಗೆ ಸಮಾಧಾನವಿಲ್ಲ, ಏನು ಮಾಡೋದು?

ಮಂಡ್ಯದ ಹುಡುಗಿ
ಎಲ್ಲರಿಗೂ ನಮಸ್ಕಾರ. ಇದು ನನ್ನ ಚಿಕ್ಕಪ್ಪನ ವಿಷಯ. ನಾವು ಮಂಡ್ಯ ಕಡೆಯ ಕಥೋಲಿಕರು. ಊರ ಹೆಸರು ಬೇಡ.

ತಾತ ತೀರಿಕೊಂಡ ಮೇಲೆ ಗದ್ದೆ, ಮನೆ ಭಾಗ ಆಯಿತು. ಆಗ ಅತ್ತೆಯ ಹತ್ತಿರ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡವರು ಚಿಕ್ಕಪ್ಪ. "ನಿನ್ನ ಮಗಳ ಮದುವೆ ನನ್ನ ಜವಾಬ್ದಾರಿ, ಈಗ ಸಹಿ ಹಾಕು ಅಕ್ಕ" ಎಂದಿದ್ದರಂತೆ. ಮದುವೆ ಹೊತ್ತಿಗೆ ಕಬ್ಬಿನ ದುಡ್ಡು ಬಂದಿಲ್ಲ ಎಂದು ಕೈ ಎತ್ತಿಬಿಟ್ಟರು. ಅತ್ತೆ ಸಾಲ ಮಾಡಿ ಮದುವೆ ಮಾಡಿದರು. ಆಮೇಲೆ ನಮ್ಮ ಮನೆ ಹೊಸಿಲು ತುಳಿಯಲಿಲ್ಲ. ಈಗ ಅವರೂ ಇಲ್ಲ.

ಅತ್ತೆ ಹೋದಾಗಿನಿಂದ ಚಿಕ್ಕಪ್ಪ ಕುಗ್ಗಿಹೋಗಿದ್ದಾರೆ. ಪಾಪನಿವೇದನೆಗೆ (ಫಾದರ್ ಹತ್ತಿರ ಗುಟ್ಟಾಗಿ ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದು) ಹೋಗಿ ಇದೊಂದನ್ನೇ ಹೇಳುತ್ತಾರೆ. ಫಾದರ್ "ಕ್ಷಮೆ ಆಗಿದೆ, ಮತ್ತೆ ಇದನ್ನೇ ಹೇಳಬೇಡಿ" ಎಂದರೆ ಬೇರೆ ಚರ್ಚಿಗೆ ಹೋಗಿ ಬೇರೆ ಫಾದರ್ ಹತ್ತಿರ ಹೇಳುತ್ತಾರೆ. ಮಂಗಳವಾರ ಬಂದರೆ ದೋರನಹಳ್ಳಿಯ ಸಂತ ಅಂತೋಣಿಯವರ ಚರ್ಚಿಗೆ. ಸರಿಯಾಗಿ ಊಟ ಇಲ್ಲ, ನಿದ್ದೆ ಇಲ್ಲ. ದೇವರು ಕ್ಷಮಿಸಿದ್ದನ್ನು ಅವರು ನಂಬುವ ಹಾಗೆ ಮಾಡೋದು ಹೇಗೆ?

ಲಷ್ಕರ್‌ವಾಸಿ
ಒಳಗೆ ಫಾದರ್ ಏನು ಹೇಳಿದರು ಅಂತ ನಿಮಗೆ ಹೇಗೆ ಗೊತ್ತು? ಫಾದರ್ ಹೇಳಿದ್ದರೆ ಅದೇ ದೊಡ್ಡ ಅಪರಾಧ.

ಮಂಡ್ಯದ ಹುಡುಗಿ
ಫಾದರ್ ಹೇಳಿಲ್ಲ ಸಾರ್. ಚಿಕ್ಕಪ್ಪನೇ ಮನೆಗೆ ಬಂದು ಚಿಕ್ಕಮ್ಮನ ಮುಂದೆ ಹೇಳಿಕೊಂಡಿದ್ದು.

ಹಳೇ ಉಪದೇಶಿ
ನಿವೇದನೆ ಮಾಡಿದವರು ತಮ್ಮ ವಿಷಯ ಹೇಳಿಕೊಂಡರೆ ತಪ್ಪಿಲ್ಲ. ಬಾಯಿ ಕಟ್ಟಿರುವುದು ಗುರುಗಳಿಗೆ. ಅವರು ನೇರವಾಗಿ ಬಾಯಿ ಬಿಟ್ಟರೆ ಧರ್ಮಸಭೆಯಿಂದ ತಾನಾಗಿಯೇ ಬಹಿಷ್ಕಾರ ಆಗುತ್ತದೆ. ಪ್ರಾಗ್ ನಗರದ ಸಂತ ನೆಪೋಮುಕ್‌ರನ್ನು 1393ರಲ್ಲಿ ನದಿಗೆ ಎಸೆದು ಕೊಂದರು. ರಾಣಿಯ ಪಾಪನಿವೇದನೆಯ ಗುಟ್ಟು ಬಿಡಲಿಲ್ಲ ಎಂಬ ಕಾರಣಕ್ಕೆ ಎಂದು ನಮ್ಮವರು ಹೇಳುತ್ತಾರೆ.

ಈಗ ವಿಷಯಕ್ಕೆ ಬರೋಣ. ನಿಮ್ಮ ಚಿಕ್ಕಪ್ಪನಿಗೆ ಫಾದರ್ ಹೇಳಿದ್ದು ಸರಿ. ಒಮ್ಮೆ ಮನಸಾರೆ ನಿವೇದಿಸಿ ಕ್ಷಮೆ ಪಡೆದ ಪಾಪವನ್ನು ಮತ್ತೆ ಹೇಳಬೇಕಾಗಿಲ್ಲ. ಮತ್ತೆ ಮತ್ತೆ ಹೇಳುವುದೆಂದರೆ ಮೊದಲನೆಯ ಸಲ ಸಿಕ್ಕಿದ ಕ್ಷಮೆಯ ಮೇಲೆ ಅನುಮಾನ ಪಟ್ಟ ಹಾಗೆ. ಕೀರ್ತನೆ 103 ಓದಿಸಿ. ಪೂರ್ವಕ್ಕೂ ಪಶ್ಚಿಮಕ್ಕೂ ಎಷ್ಟು ದೂರವೋ ನಮ್ಮ ಪಾಪಗಳನ್ನು ನಮ್ಮಿಂದ ಅಷ್ಟು ದೂರ ಮಾಡಿದ್ದಾನೆ ಅಂತ ಅದರಲ್ಲಿದೆ.

ಕೃಪೆ ಸಾಕು
ಫಾದರ್ ಹತ್ತಿರ ಯಾಕೆ ಹೋಗಬೇಕು ಬ್ರದರ್? ನೇರವಾಗಿ ಯೇಸುಸ್ವಾಮಿಯ ಹತ್ತಿರ ಹೋಗಿ. 1 ಯೋಹಾನ 1:9 ನೋಡಿ. ನಾವು ಪಾಪಗಳನ್ನು ಒಪ್ಪಿಕೊಂಡರೆ ಆತನು ನಂಬಿಗಸ್ತನು, ಕ್ಷಮಿಸುತ್ತಾನೆ. ಮಧ್ಯದಲ್ಲಿ ಯಾರೂ ಬೇಡ. ರೋಮಾಪುರ 8:1, ಕ್ರಿಸ್ತನಲ್ಲಿರುವವರಿಗೆ ಅಪರಾಧನಿರ್ಣಯವೇ ಇಲ್ಲ. ಈ ಮಾತು ಹಿಡಿದುಕೊಂಡರೆ ಸಾಕು, ಅವತ್ತೇ ನಿದ್ದೆ ಬರುತ್ತದೆ. ನಮ್ಮ ಸಭೆಯಲ್ಲಿ ಕುಡಿತ, ಜಗಳ ಎಲ್ಲ ಬಿಟ್ಟು ಹೊಸ ಮನುಷ್ಯರಾದವರು ಬೇಕಾದಷ್ಟು ಜನ ಇದ್ದಾರೆ. ಹಳೆಯದನ್ನು ಯಾರೂ ಕೆದಕುವುದಿಲ್ಲ.

ಕಬ್ಬಿನ ಜಲ್ಲೆ
ಶುರುವಾಯಿತು ನೋಡಿ, ಫಾದರ್ ಪಾರ್ಟಿ, ಪಾಸ್ಟರ್ ಪಾರ್ಟಿ. ಆ ಹುಡುಗಿ ಕೇಳಿದ್ದೇನು?

ಹೊಸಿಲಾಚೆ ಅಕ್ಕ
ಹಳೆಯದನ್ನು ಯಾರೂ ಕೆದಕುವುದಿಲ್ಲ ಅಂತೀರಲ್ಲ, ಅದು ನಿಮಗೆ ಚೆನ್ನಾಗಿರುತ್ತದೆ. ಕಳೆದುಕೊಂಡವರಿಗೆ?

ನಾನು ಆ ಅತ್ತೆಯ ಜಾಗದಲ್ಲಿರುವವಳು. ನನ್ನ ತಮ್ಮನೂ ಹೀಗೇ ಸಹಿ ಹಾಕಿಸಿಕೊಂಡ. ಅವನು ಈಗ ಬಹಳ ದೈವಭಕ್ತ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಬಂದಾಗಲೆಲ್ಲ ಉಪವಾಸ, ಶಿಲುಬೆ ಹಾದಿ, ಶುಭ ಶುಕ್ರವಾರ ಕಣ್ಣೀರು. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ನನ್ನ ಬೀದಿಯಲ್ಲೇ ಹೋಗುತ್ತಾನೆ. ಬಾಗಿಲು ತಟ್ಟಿಲ್ಲ. ದೇವರ ಹತ್ತಿರ ಎಷ್ಟು ಸಲ ಕ್ಷಮೆ ಕೇಳಿದನೋ ಗೊತ್ತಿಲ್ಲ, ನನ್ನ ಹತ್ತಿರ ಒಂದು ಸಲವೂ ಕೇಳಿಲ್ಲ. ಮತ್ತಾಯ 5:23 ಅವನಿಗೂ ಗೊತ್ತು. ಕಾಣಿಕೆ ಕೊಡಲು ಪೀಠದ ಹತ್ತಿರ ಬಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು. ಮೊದಲು ಅಂತ ಇದೆ. ಆಮೇಲೆ ಅಂತ ಇಲ್ಲ.

ಹುಡುಗಿ, ನಿಮ್ಮ ಚಿಕ್ಕಪ್ಪ ಅತ್ತೆ ಬದುಕಿದ್ದಾಗ ಅವರ ಹತ್ತಿರ ಹೋಗಿದ್ದರಾ?

ಮಂಡ್ಯದ ಹುಡುಗಿ
ಇಲ್ಲ ಅಕ್ಕ. ಮಣ್ಣಿಗೆ ಮಾತ್ರ ಹೋಗಿದ್ದರು. ಅಲ್ಲೂ ಗೇಟಿನ ಹತ್ತಿರವೇ ನಿಂತಿದ್ದರು.

ಚಾಮುಂಡಿಬೆಟ್ಟದ ಮೆಟ್ಟಿಲು
ನಾನು ಕ್ರೈಸ್ತನಲ್ಲ, ತಪ್ಪು ತಿಳಿಯಬೇಡಿ. ನಮ್ಮಲ್ಲೂ ಇದೇ ಕಥೆ. ಬದುಕಿದ್ದಾಗ ಅಕ್ಕನಿಗೆ ಒಂದು ಹೊತ್ತು ಊಟ ಹಾಕದವರು ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು ಕಾವೇರಿಯಲ್ಲಿ ಮೂರು ಮುಳುಗು ಹಾಕಿ ಹಗುರಾಗಿ ಬರುತ್ತಾರೆ. ಹೊಳೆ ಏನು ಮಾಡಬೇಕು ಪಾಪ.

ಒಂದು ಮಾತು ಹೇಳಬೇಕು. ಫಿಲೋಮಿನಾ ಚರ್ಚಿಗೆ ನಾನು ಆಗಾಗ ಹೋಗಿ ಸುಮ್ನೆ ಕೂರುತ್ತೇನೆ. 1933ರಲ್ಲಿ ನಾಲ್ವಡಿಯವರೇ ಅಡಿಗಲ್ಲು ಹಾಕಿದ್ದು, ಹಾಗಾಗಿ ನಮ್ಮದೂ ಹೌದು ಅಂತ ಅಂದುಕೊಳ್ಳುತ್ತೇನೆ. ಕೆಳಗೆ ನೆಲಮಾಳಿಗೆಯಲ್ಲಿ ಸಂತ ಫಿಲೋಮಿನಾ ಇರುವ ಕಡೆ ಎಷ್ಟು ಜನ ಅಳುತ್ತಾ ನಿಂತಿರುತ್ತಾರೆ. ಯಾವ ಜಾತಿ ಅಂತ ಕೇಳುವ ಹಾಗೇ ಇಲ್ಲ.

ಲಷ್ಕರ್‌ವಾಸಿ
ಈಗ ಅಳುವವರಿಗಿಂತ ಸೆಲ್ಫಿ ತೆಗೆಯುವವರೇ ಜಾಸ್ತಿ ಸಾರ್. ದಸರಾ ಟೈಮಿನಲ್ಲಿ ನಮ್ಮ ಬೀದಿಯಲ್ಲಿ ಸ್ಕೂಟರ್ ನಿಲ್ಲಿಸಲೂ ಜಾಗ ಇಲ್ಲ.

ನೈಟ್ ಡ್ಯೂಟಿ
ನಾನು ಮೈಸೂರಿನಲ್ಲಿ ನರ್ಸ್. ಎಲ್ಲರೂ ಪಾಪ, ಕ್ಷಮೆ ಅಂತ ಹೇಳುತ್ತಿದ್ದೀರಿ. ನನಗೆ ಕಂಡದ್ದು ಊಟ ಇಲ್ಲ, ನಿದ್ದೆ ಇಲ್ಲ ಎನ್ನುವ ಎರಡು ಮಾತು. ವಯಸ್ಸಾದವರಲ್ಲಿ ಖಿನ್ನತೆ ಬಂದಾಗ ಹಳೆಯ ತಪ್ಪುಗಳು ಬೆಟ್ಟದಷ್ಟಾಗಿ ಕಾಣುತ್ತವೆ. ಕ್ಷಮೆ ಸಿಕ್ಕಿಲ್ಲ, ಸರಿಯಾಗಿ ಹೇಳಲಿಲ್ಲ, ಏನೋ ಬಿಟ್ಟೆ ಎಂದು ಮತ್ತೆ ಮತ್ತೆ ನಿವೇದನೆಗೆ ಹೋಗುವುದು ಗೀಳು ಕಾಯಿಲೆಯ ಒಂದು ರೂಪವೂ ಆಗಿರಬಹುದು. ಇದು ಭಕ್ತಿ ಕಡಿಮೆ ಆದವರಿಗೆ ಬರುವುದಲ್ಲ. ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ತನ್ನ ಗುರುವನ್ನೇ ಸುಸ್ತು ಮಾಡುತ್ತಿದ್ದರು. ಸಂತ ಇಗ್ನೇಷಿಯಸ್‌ಗೆ 1522ರಲ್ಲಿ ಸ್ಪೇನಿನ ಮನ್ರೆಸಾದಲ್ಲಿ ಇದೇ ಕಾಟ. ಎಲ್ಲ ಪಾಪ ಬರೆದುಕೊಟ್ಟ ಮೇಲೂ ನೆಮ್ಮದಿ ಇಲ್ಲ, ಜೀವ ಕಳೆದುಕೊಳ್ಳುವ ಯೋಚನೆವರೆಗೂ ಹೋಗಿತ್ತು.

ದಯವಿಟ್ಟು ಒಬ್ಬ ಮನೋವೈದ್ಯರಿಗೆ ತೋರಿಸಿ. ಸದ್ಯಕ್ಕೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ಮಾತ್ರೆ ತೆಗೆದುಕೊಂಡರೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ ಅಲ್ಲ. ಶುಗರ್ ಮಾತ್ರೆಗೆ ಯಾರೂ ಹಾಗೆ ಹೇಳಲ್ವಲ್ಲ.

ಕೃಪೆ ಸಾಕು
ಪ್ರಾರ್ಥನೆಯಿಂದ ವಾಸಿಯಾಗದ್ದು ಏನಿದೆ ಸಿಸ್ಟರ್?

ನೈಟ್ ಡ್ಯೂಟಿ
ಪ್ರಾರ್ಥನೆ ಮಾಡಿ, ಡಾಕ್ಟರ್ ಹತ್ತಿರವೂ ಹೋಗಿ. ನಮ್ಮೂರಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದವರು ಪ್ರಾರ್ಥನೆ ಮಾಡುವವರೇ ಅಲ್ವಾ?

ಕಬ್ಬಿನ ಜಲ್ಲೆ
😂 ಸಿಸ್ಟರ್ ಗೆದ್ದರು.

ಗಂಜಾಂ ಅಂಜೂರ
ತಪ್ಪಿ ಹೋದವರನ್ನು ಮತ್ತೆ ಸೇರಿಸಿಕೊಳ್ಳುವುದರಲ್ಲಿ ನಮ್ಮ ಊರಿಗೆ ದೊಡ್ಡ ಇತಿಹಾಸ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿ ಇಲ್ಲಿಗೆ ಬಂದರು. ಬಲವಂತದಿಂದ ಮತ ಬಿಡಬೇಕಾಗಿ ಬಂದಿದ್ದ ಕ್ರೈಸ್ತರು ಹೆದರಿಕೊಂಡು, ನಾಚಿಕೊಂಡು ಇದ್ದರು. ಅವರನ್ನು ಮತ್ತೆ ಸಭೆಗೆ ಸೇರಿಸಿದ್ದು ದುಬ್ವಾ ಅವರೇ. ಆಮೇಲೆ ಸಿಡುಬಿಗೆ ಲಸಿಕೆ ಹಾಕಿಸಿದರು. ಜನ ದೊಡ್ಡ ಸ್ವಾಮಿಯವರು ಅಂತ ಕರೆಯುತ್ತಿದ್ದರಂತೆ. ಗಂಜಾಂನಲ್ಲಿ ಅವರ ಹೆಸರಿನ ಚರ್ಚು ಇವತ್ತಿಗೂ ಇದೆ.

ಸುಮ್ನೆ ಓದುಗ
ಅಯ್ಯೋ ಸಾರ್, ಟಿಪ್ಪು ವಿಷಯ ಎತ್ತಬೇಡಿ. ಈ ಪೋಸ್ಟ್ ಮುನ್ನೂರು ಕಾಮೆಂಟ್ ಆಗಿ ಹಾಳಾಗುತ್ತದೆ.

ಗಂಜಾಂ ಅಂಜೂರ
ನಾನು ಟಿಪ್ಪು ಹೆಸರು ಎಲ್ಲಿ ಹೇಳಿದೆ? ನೀವೇ ಹೇಳಿದ್ದು.

ಹಳೇ ಉಪದೇಶಿ
ಇಬ್ಬರೂ ನಿಲ್ಲಿಸಿ.

ಹೊಸಿಲಾಚೆ ಅಕ್ಕ ಹೇಳಿದ ಮಾತು ಓದಿ ರಾತ್ರಿ ಯೋಚನೆ ಮಾಡಿದೆ. ನನ್ನ ಮೊದಲ ಉತ್ತರ ಅರ್ಧ ಮಾತ್ರ. ಕ್ಷಮೆ ಸಿಕ್ಕಿದೆ ನಿಜ. ಆದರೆ ನಮ್ಮ ಧರ್ಮಸಭೆಯ ಬೋಧನೆಗಳ ಪುಸ್ತಕವಾದ ಕ್ಯಾಟೆಕಿಸಂನ 1459ನೇ ಕಂಡಿಕೆ ಇನ್ನೊಂದು ಮಾತು ಹೇಳುತ್ತದೆ. ಕ್ಷಮೆ ಪಾಪವನ್ನು ತೆಗೆಯುತ್ತದೆ, ಪಾಪದಿಂದ ಆದ ಕೇಡನ್ನೆಲ್ಲ ಸರಿಮಾಡುವುದಿಲ್ಲ. ಕದ್ದದ್ದನ್ನು ವಾಪಸ್ ಕೊಡು, ಆದಷ್ಟು ಸರಿಮಾಡು ಅಂತ ಇದೆ. ಬೈಬಲಿನ ಯಾಜಕಕಾಂಡ 6ರಲ್ಲಿ ಲೆಕ್ಕವೂ ಇದೆ. ಮೋಸದಿಂದ ತೆಗೆದುಕೊಂಡದ್ದನ್ನು ಪೂರ್ತಿ ಕೊಡಬೇಕು, ಮೇಲೆ ಐದನೇ ಒಂದು ಭಾಗ ಸೇರಿಸಬೇಕು. ಅತ್ತೆ ಈಗ ಇಲ್ಲ, ಯಾರಿಗೆ ಕೊಡುವುದು ಅನ್ನಬಹುದು. ಅದಕ್ಕೂ ಬೈಬಲಿನದೇ ಅರಣ್ಯಕಾಂಡ 5ರಲ್ಲಿ ಉತ್ತರ ಇದೆ. ತೆಗೆದುಕೊಳ್ಳಲು ನೆಂಟರೇ ಇಲ್ಲದಿದ್ದರೆ ಮಾತ್ರ ಅದು ಯಾಜಕನಿಗೆ. ಅಂದರೆ ನೆಂಟರಿದ್ದರೆ ಅವರಿಗೆ. ಅತ್ತೆಗೆ ಮಕ್ಕಳಿದ್ದಾರಲ್ವಾ?

ಬೈಬಲಿನ ಸುಂಕದವನು ಜಕ್ಕಾಯನ ಕಥೆ ನೆನಪು ಮಾಡಿಕೊಳ್ಳಿ. ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಅವತ್ತು ಅವನ ಮನೆಯಲ್ಲಿ ಯೇಸುಸ್ವಾಮಿಗೆ ಊಟ, ಸಂತೋಷ. ಅವನು ಪಶ್ಚಾತ್ತಾಪ ಅಂತ ಒಂದು ತೊಟ್ಟು ಕಣ್ಣೀರು ಹಾಕಿದ್ದು ಎಲ್ಲೂ ಬರೆದಿಲ್ಲ.

ಸುಮ್ನೆ ಓದುಗ
ಅಂತೋಣಿಯವರು ಕಳೆದುಹೋದದ್ದನ್ನು ಹುಡುಕಿಕೊಡುತ್ತಾರೆ. ಕಸಿದುಕೊಂಡದ್ದನ್ನು ನಾವೇ ಕೊಡಬೇಕು ಅನ್ಸುತ್ತೆ.

ಕೃಪೆ ಸಾಕು
ಉಪದೇಶಿಯವರೇ, ಕೊಟ್ಟರೆ ಕ್ಷಮೆ ಅಂದರೆ ಅದು ವ್ಯಾಪಾರ ಆಯಿತು. ಯೇಸುಸ್ವಾಮಿಯನ್ನು ಹಿಡಿದುಕೊಟ್ಟ ಯೂದನೂ ಅದಕ್ಕೆ ಸಿಕ್ಕಿದ ಮೂವತ್ತು ಬೆಳ್ಳಿ ನಾಣ್ಯ ವಾಪಸ್ ಎಸೆದ. ಹೋಗಿ ನೇಣು ಹಾಕಿಕೊಂಡ. ದುಡ್ಡು ವಾಪಸ್ ಕೊಟ್ಟಿದ್ದರಿಂದ ಅವನಿಗೆ ಏನು ಸಿಕ್ಕಿತು? ಇನ್ನೊಬ್ಬ ಶಿಷ್ಯ ಪೇತ್ರ ಏನೂ ವಾಪಸ್ ಕೊಡಲಿಲ್ಲ. ಯೇಸುಸ್ವಾಮಿ ಯಾರೋ ಗೊತ್ತಿಲ್ಲ ಅಂತ ಮೂರು ಸಲ ಅಂದ, ಅತ್ತ, ಕ್ಷಮೆ ಸಿಕ್ಕಿತು. ಮೊದಲು ಕೃಪೆ.

ಹಳೇ ಉಪದೇಶಿ
ಈ ಮಾತು ಒಪ್ಪಿದೆ. ನಿಜವಾಗಿ ಒಳ್ಳೆಯ ಮಾತು. ಯೂದ ವಾಪಸ್ ಕೊಟ್ಟದ್ದು ಯಾಜಕರಿಗೆ. ಯೇಸುಸ್ವಾಮಿಯ ಹತ್ತಿರ ಬರಲಿಲ್ಲ. ಬಂದಿದ್ದರೆ ಕಥೆಯೇ ಬೇರೆ.

ಆದರೆ ಪೇತ್ರನ ಕಥೆ ಅತ್ತಲ್ಲಿಗೇ ಮುಗಿಯಲಿಲ್ಲ. ಯೋಹಾನ 21 ನೋಡಿ. ದಡದಲ್ಲಿ ಇದ್ದಲಿನ ಬೆಂಕಿ, ಮೀನು, ರೊಟ್ಟಿ. ಗೊತ್ತಿಲ್ಲ ಅಂದ ರಾತ್ರಿಯೂ ಪೇತ್ರ ಇದ್ದಲಿನ ಬೆಂಕಿ ಕಾಯಿಸುತ್ತಲೇ ನಿಂತಿದ್ದ. ಯೇಸುಸ್ವಾಮಿ "ಯಾಕೆ ಹಾಗೆ ಮಾಡಿದೆ" ಅಂತ ಕೇಳಲಿಲ್ಲ. "ನನ್ನನ್ನು ಪ್ರೀತಿಸುತ್ತೀಯಾ" ಅಂತ ಮೂರು ಸಲ ಕೇಳಿ, ಮೂರು ಸಲವೂ ಕುರಿ ಕಾಯುವ ಕೆಲಸ ಕೊಟ್ಟರು. ವಾಪಸ್ ಕೊಡಲು ಅವನ ಹತ್ತಿರ ಏನೂ ಇರಲಿಲ್ಲ, ಅದಕ್ಕೆ ಕೆಲಸ. ಈ ಚಿಕ್ಕಪ್ಪನ ಹತ್ತಿರ ಗದ್ದೆ ಇದೆ.

ಚಾಮುಂಡಿಬೆಟ್ಟದ ಮೆಟ್ಟಿಲು
ವಾಪಸ್ ಕೊಡಲಾಗದ ತಪ್ಪು ಮಾಡಿದವರ ಗತಿ ಏನು? ಜೀವ ಹೋಗಿರುತ್ತದೆ, ಮರ್ಯಾದೆ ಹೋಗಿರುತ್ತದೆ. ಇದು ಗೊತ್ತಾಗಬೇಕು ಅಂತ ಕೇಳುತ್ತಿದ್ದೇನೆ, ಚುಚ್ಚಲು ಅಲ್ಲ.

ಹಳೇ ಉಪದೇಶಿ
ದಾವೀದ ಅರಸನದ್ದು ಅದೇ ಕಥೆ. ತನ್ನ ಸೈನಿಕ ಊರೀಯನನ್ನು ಸಾಯಿಸಿ ಅವನ ಹೆಂಡತಿಯನ್ನು ತಂದುಕೊಂಡ. ವಾಪಸ್ ಕೊಡಲು ಊರೀಯ ಎಲ್ಲಿದ್ದಾನೆ? ಕೀರ್ತನೆ 51 ಅವನು ಆಗ ಹಾಡಿದ್ದು ಅಂತ ಅದರ ತಲೆಬರಹದಲ್ಲೇ ಇದೆ. ನನಗೆ ಜಾಸ್ತಿ ಹಿಡಿಸುವುದು ಆ ಕಥೆಯ ಇನ್ನೊಂದು ಜಾಗ. ಅವಳಲ್ಲಿ ಹುಟ್ಟಿದ ಮಗು ಕಾಯಿಲೆ ಬಿದ್ದಾಗ ನೆಲದ ಮೇಲೆ ಬಿದ್ದು ಉಪವಾಸ ಮಾಡಿದ. ಮಗು ಸತ್ತಿತು ಅಂತ ತಿಳಿದ ಮೇಲೆ ಎದ್ದ, ಸ್ನಾನ ಮಾಡಿದ, ಬಟ್ಟೆ ಬದಲಿಸಿದ, ದೇವರ ಮನೆಗೆ ಹೋಗಿ ಅಡ್ಡಬಿದ್ದ, ಬಂದು ಊಟ ಕೇಳಿದ. ಆಳುಗಳಿಗೆ ಆಶ್ಚರ್ಯ. ಅವನು ಮರೆತ ಅಂತಲ್ಲ. ಇನ್ನು ಅತ್ತು ಪ್ರಯೋಜನ ಇಲ್ಲದ ಕಡೆ ಅಳುವುದನ್ನು ನಿಲ್ಲಿಸಿದ. ಚಿಕ್ಕಪ್ಪನಿಗೆ ಊಟ ಮಾಡಿಸುವುದಕ್ಕೆ ಈ ಕಥೆ ಹೇಳಿ.

ದಸ್ತಾವೇಜು
ನಾನು ಪತ್ರ ಬರೆಯುವವನು. ಧರ್ಮ ನನಗೆ ತಿಳಿಯದು, ಕಾಗದ ತಿಳಿಯುತ್ತದೆ.

ಕರ್ನಾಟಕದ ಕ್ರೈಸ್ತರಿಗೆ ಆಸ್ತಿ ವಿಷಯದಲ್ಲಿ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮವಾಗಿ. ಗಂಡು, ಹೆಣ್ಣು ಅಂತ ಭೇದ ಇಲ್ಲ. ಕೇರಳದಲ್ಲಿ ತಿರುವಾಂಕೂರಿನ ಹಳೇ ಕಾಯ್ದೆ ಹೆಣ್ಣುಮಕ್ಕಳಿಗೆ ಅಡ್ಡ ಬಂದಿತ್ತು. ಮೇರಿ ರಾಯ್ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಗೆದ್ದರು. ಹಾಗಾಗಿ ಅತ್ತೆಗೆ ಬರಬೇಕಾಗಿದ್ದು ದಾನ ಅಲ್ಲ, ಪಾಲು.

ಆದರೆ ಬಿಡುಗಡೆ ಪತ್ರ ನೋಂದಣಿ ಆಗಿ ಇಷ್ಟು ವರ್ಷ ಆಗಿದ್ದರೆ ಅತ್ತೆಯ ಮಕ್ಕಳು ಕೋರ್ಟಿಗೆ ಹೋಗಿ ಗೆಲ್ಲುವುದು ಕಷ್ಟ. ಕೊಡುವುದಿದ್ದರೆ ನೀವಾಗಿಯೇ ಕೊಡಬೇಕು.

ಇನ್ನೊಂದು. ಅಕ್ಕ ಪಾಲು ಬಿಟ್ಟುಕೊಟ್ಟಾಗ ಅದು ಸಾಮಾನ್ಯವಾಗಿ ಎಲ್ಲ ಗಂಡುಮಕ್ಕಳಿಗೂ ಸೇರುತ್ತದೆ. ನಿಮ್ಮ ತಂದೆಯವರ ಪಾಲಿಗೂ ಬಂದಿರಬೇಕಲ್ಲ ಮೇಡಂ?

ಕಬ್ಬಿನ ಜಲ್ಲೆ
ಬಿತ್ತು ನೋಡಿ.

ಹೊಸಿಲಾಚೆ ಅಕ್ಕ
ನಾನೂ ಇದನ್ನೇ ಕೇಳಬೇಕು ಅಂತ ಇದ್ದೆ. ಸುಮ್ಮನಿದ್ದೆ.

ಲಷ್ಕರ್‌ವಾಸಿ
ಎರಡು ದಿನ ಆಯಿತು, ಹುಡುಗಿ ಪತ್ತೆ ಇಲ್ಲ. ಪಾಪ ಹೆದರಿಸಿಬಿಟ್ಟಿರಿ.

ಸುಮ್ನೆ ಓದುಗ
ಅದಿರಲಿ, ದೋರನಹಳ್ಳಿಗೆ ಮೈಸೂರಿನಿಂದ ಹೋಗುವವರು ಕೆ.ಆರ್. ನಗರ ದಾರಿ ಹಿಡಿಯಬೇಕಲ್ವಾ? ಜೂನ್ 13ರ ಹಬ್ಬಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಬೇಕು.

ಗಂಜಾಂ ಅಂಜೂರ
ಹೌದು, ಅದೇ ದಾರಿ. ಹಬ್ಬದ ದಿನ ಬೆಳಗ್ಗೆ ಬೇಗ ಹೊರಡಿ, ಬಿಸಿಲು ಏರಿದರೆ ಕಾಲಿಡಲು ಜಾಗ ಇರುವುದಿಲ್ಲ. ನೇಗಿಲಿಗೆ ಸಿಕ್ಕಿದ ಮರದ ಮೂರ್ತಿ ಅಂತ ಹೇಳುತ್ತಾರಲ್ಲ, ಅಮ್ಮನಿಗೆ ಆ ಕಥೆ ಹೇಳಿ. ಈಗ ಅದು ಬೆಸಿಲಿಕಾ.

ಮಂಡ್ಯದ ಹುಡುಗಿ
ಓಡಿಹೋಗಿಲ್ಲ, ಇಲ್ಲೇ ಇದ್ದೇನೆ. ಅಮ್ಮನ ಹತ್ತಿರ, ಅಣ್ಣನ ಹತ್ತಿರ ಮಾತಾಡಿ ಬರೆಯುತ್ತಿದ್ದೇನೆ.

ದಸ್ತಾವೇಜು ಸಾರ್ ಹೇಳಿದ್ದು ಸರಿ. ಅತ್ತೆಯ ಪಾಲು ಇಬ್ಬರಿಗೂ ಸೇರಿದೆ. ಅಪ್ಪ ತೀರಿಕೊಂಡ ಮೇಲೆ ಅದು ನಮ್ಮ ಹೆಸರಿಗೆ ಬಂದಿದೆ. ಸಹಿ ಹಾಕಿಸಿಕೊಂಡವರು ಚಿಕ್ಕಪ್ಪ ಆದ್ದರಿಂದ ಮನೆಯಲ್ಲಿ ಎಲ್ಲರೂ ಅವರ ಕಡೆಗೇ ಬೆರಳು ತೋರಿಸುತ್ತಿದ್ದೆವು. ಮಾತು ಕೊಟ್ಟು ತಪ್ಪಿದವರು ಅವರೇ. ಆದರೆ ಆ ಗದ್ದೆಯ ಭತ್ತ ನಾವೂ ತಿಂದಿದ್ದೇವೆ. ಅಪ್ಪ ಇದರ ಬಗ್ಗೆ ಒಂದು ದಿನವೂ ಬಾಯಿ ಬಿಡಲಿಲ್ಲ.

ಅಣ್ಣನಿಗೆ ಸಿಟ್ಟು ಬಂದಿದೆ. "ಚಿಕ್ಕಪ್ಪನ ಪಾಪಕ್ಕೆ ನಾನು ಯಾಕೆ ಗದ್ದೆ ಕೊಡಲಿ" ಅಂತಾನೆ. ಚಿಕ್ಕಪ್ಪ ಮಾತ್ರ ಅಮ್ಮನ ಮಾತು ಕೇಳಿದ ಕೂಡಲೇ "ನನ್ನದು ಎಷ್ಟಾಗುತ್ತೋ ಅಷ್ಟೂ ಬರೆದುಕೊಡುತ್ತೇನೆ" ಅಂದರು. ಅಮ್ಮ ಹೇಳುವ ಪ್ರಕಾರ ಅವತ್ತು ರಾತ್ರಿ ಎರಡು ಮುದ್ದೆ ಉಂಡರಂತೆ. ನರ್ಸ್ ಅಕ್ಕ, ಆದರೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇವೆ, ಬಿಡುವುದಿಲ್ಲ.

ನೈಟ್ ಡ್ಯೂಟಿ
ಖಂಡಿತ ಹೋಗಿ. ಒಂದು ದಿನದ ಮುದ್ದೆ ನೋಡಿ ಬಿಟ್ಟುಬಿಡಬೇಡಿ. ಈಗ ಹುರುಪಿನಲ್ಲಿದ್ದಾರೆ. ಅತ್ತೆ ಮಕ್ಕಳು ಬೈದು ಕಳಿಸಿದರೆ ಮತ್ತೆ ಕುಸಿಯಬಹುದು.

ಕೃಪೆ ಸಾಕು
ಅಣ್ಣನಿಗೆ ಬಲವಂತ ಮಾಡಬೇಡಿ. ಬಲವಂತದಿಂದ ಕೊಟ್ಟದ್ದು ಕೊಟ್ಟ ಹಾಗಲ್ಲ. ಚಿಕ್ಕಪ್ಪನಿಗೆ ಮಾತ್ರ ಒಂದು ಮಾತು ಚೆನ್ನಾಗಿ ತಿಳಿಸಿ. ಗದ್ದೆ ಬರೆದುಕೊಡುವುದರಿಂದ ಅವರಿಗೆ ಕ್ಷಮೆ ಸಿಗುತ್ತಿಲ್ಲ. ಕ್ಷಮೆ ಸಿಕ್ಕಿರುವುದರಿಂದ ಬರೆದುಕೊಡುತ್ತಿದ್ದಾರೆ. ಇದು ತಲೆಕೆಳಗಾದರೆ ನಾಳೆ ಐದನೇ ಒಂದು ಭಾಗ ಸೇರಿಸಲಿಲ್ಲ ಅಂತ ಮತ್ತೆ ಕೊರಗು ಶುರುವಾಗುತ್ತದೆ.

ಹಳೇ ಉಪದೇಶಿ
ಪಾಸ್ಟರ್ ಪಾರ್ಟಿಯ ಜೊತೆ ಇವತ್ತು ಪೂರ್ತಿ ಸಹಮತ. ಬರೆದಿಟ್ಟುಕೊಳ್ಳಿ, ಅಪರೂಪ.

ಹೊಸಿಲಾಚೆ ಅಕ್ಕ
ನಾನು ಒಂದು ಹೇಳಲಾ? ಅತ್ತೆ ಮಗಳು ನಗುತ್ತಾ ಬಾಗಿಲು ತೆಗೆಯುತ್ತಾಳೆ ಅಂತ ಅಂದುಕೊಳ್ಳಬೇಡಿ. ಏಳೆಪ್ಪತ್ತು ಸಲ ಕ್ಷಮಿಸು ಅಂತ ವಾಕ್ಯ ತೆಗೆದು ಅವಳ ಮುಂದೆ ಹಿಡಿಯಲೇಬೇಡಿ. ಆ ವಾಕ್ಯ ಅವಳು ತನಗೆ ತಾನೇ ಹೇಳಿಕೊಳ್ಳಬೇಕಾದದ್ದು, ನೀವು ಹೇಳುವುದಲ್ಲ. ಅವಳ ಅಮ್ಮ ಸಾಲ ತೀರಿಸುತ್ತಾ ಸತ್ತಿದ್ದಾಳೆ. ಚಿಕ್ಕಪ್ಪ ತನ್ನ ನಿದ್ದೆಗೋಸ್ಕರ ಬಂದಿದ್ದಾರೆ ಅಂತ ಅವಳಿಗೆ ಅನ್ನಿಸಿದರೆ ಮುಖಕ್ಕೆ ಬಾಗಿಲು ಹಾಕುತ್ತಾಳೆ. ಹಾಕಲಿ. ಅದು ಅವಳ ಹಕ್ಕು. ಗದ್ದೆ ಅವಳದು ಅಂತ ಹೇಳಿ ಬನ್ನಿ, ಕ್ಷಮೆ ಕೇಳಿ ಬನ್ನಿ. ಉತ್ತರಕ್ಕೆ ಕಾಯಬೇಡಿ.

ನನ್ನ ತಮ್ಮ ಬಂದರೆ ನಾನು ಏನು ಮಾಡುತ್ತೇನೆ ಅಂತ ಕೇಳಬೇಡಿ. ನನಗೆ ಗೊತ್ತಿಲ್ಲ. ಕಾಫಿ ಕೊಟ್ಟರೂ ಕೊಡಬಹುದು, ಚಪ್ಪಲಿ ತೆಗೆದುಕೊಂಡರೂ ತೆಗೆದುಕೊಳ್ಳಬಹುದು.

ಚಾಮುಂಡಿಬೆಟ್ಟದ ಮೆಟ್ಟಿಲು
ಅಕ್ಕ, ಕಾಫಿನೇ ಕೊಡಿ.

ಹೊಸಿಲಾಚೆ ಅಕ್ಕ
ಮೊದಲು ಅವನು ಬರಲಿ ಸಾರ್.

ಮಂಡ್ಯದ ಹುಡುಗಿ
ಭಾನುವಾರ ಪೂಜೆ ಮುಗಿಸಿ ಚಿಕ್ಕಪ್ಪ, ಚಿಕ್ಕಮ್ಮ, ಅಮ್ಮ, ನಾನು ಹೋಗುತ್ತಿದ್ದೇವೆ. ಅಣ್ಣ ಬರಲ್ಲ ಅಂದ. ನನ್ನ ಪಾಲು ನಾನು ಕೊಡುತ್ತೇನೆ ಅಂತ ಅವನಿಗೆ ಹೇಳಿದ್ದೇನೆ. ಸಾರ್, ಏನೇನು ಕಾಗದ ಬೇಕು?

ದಸ್ತಾವೇಜು
ಪಹಣಿ, ಋಣಭಾರ ಪತ್ರ, ಹಳೇ ಬಿಡುಗಡೆ ಪತ್ರದ ನಕಲು ತೆಗೆಸಿ. ಗದ್ದೆ ಮೇಲೆ ಬೆಳೆ ಸಾಲ ಇದ್ದರೆ ಮೊದಲು ಅದನ್ನು ತೀರಿಸಬೇಕು. ಅಕ್ಕನ ಮಕ್ಕಳಿಗೆ ಬರೆಯುವಾಗ ಮುದ್ರಾಂಕ ಶುಲ್ಕ ಎಷ್ಟು ಬೀಳುತ್ತದೆ ಅಂತ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ನಿಮ್ಮ ಮನೆಯಲ್ಲಿ ಎಲ್ಲರ ಹೆಸರೂ ಜಂಟಿಯಾಗಿದ್ದರೆ ಅಣ್ಣನ ಸಹಿ ಇಲ್ಲದೆ ನಿಮ್ಮ ಪಾಲು ಬೇರೆ ಮಾಡುವುದು ತಡ ಆಗುತ್ತದೆ. ಚಿಕ್ಕಪ್ಪನದು ಸುಲಭ. ಭಾನುವಾರ ಎಲ್ಲ ಕಾಗದ ಹಿಡಿದುಕೊಂಡೇ ಹೋಗಿ. ಬಾಯಿಮಾತಿನ ಮೇಲೆ ಯಾರೂ ನಂಬಿಕೆ ಇಡುವುದಿಲ್ಲ.

ಹೊಸಿಲಾಚೆ ಅಕ್ಕ
ಕಾಗದ ಹಿಡಿದು ಒಳಗೆ ಹೋಗಬೇಡಿ ಮಾರಾಯರೇ. ಮತ್ತೆ ಸಹಿ ಹಾಕಿಸಿಕೊಳ್ಳಲು ಬಂದರು ಅಂದುಕೊಳ್ಳುತ್ತಾಳೆ.

ದಸ್ತಾವೇಜು
ಅದೂ ನಿಜ. ಹಾಗಾದರೆ ಬ್ಯಾಗಿನಲ್ಲಿರಲಿ. ಕೇಳಿದರೆ ತೆಗೆಯಿರಿ.